ನೀರು ಕುಡಿದ ಗಂಟು

ಕಾರು ಹೊನ್ನಾಳಿ ದಾಟಿ ಹೊಳೆಯ ಕಡೆ ತಿರುಗುವ ಹೊತ್ತಿಗೆ ನುಜಹತ್ ಗಂಡನಿಗೆ ಮಾತು ಕೊಟ್ಟಾಗಿತ್ತು. ಇವತ್ತೊಂದು ದಿನ ಅವಳ ಬಾಯಿಂದ ‘ಬೇಡ’ ಅನ್ನುವ ಪದ ಬರಬಾರದು.

“ನೀವು ಹೆದರ್ಕೊಂಡು ಕೂತ್ರೆ ಮೀನೂ ಹೆದರಿ ಓಡಿಹೋಗ್ತಾವೆ, ಭಾಭಿ,” ಎಂದು ಕಾರು ಓಡಿಸುತ್ತಿದ್ದ ಮಾರುತೇಶ್ ನಕ್ಕ.

ಮಾರುತೇಶ್ ನ್ಯಾಮತಿಯವನು, ಅಡಿಕೆ ವ್ಯಾಪಾರಿ. ಅವನ ಹೆಂಡತಿ ಪ್ರಮೀಳಾ ಮತ್ತು ನುಜಹತ್ ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಈಗ ನುಜಹತ್ ಚನ್ನಗಿರಿಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತಾಳೆ. ಅವಳ ಗಂಡ ಅರ್ಫಾತ್ ಅದೇ ಊರಲ್ಲಿ ಪೈಪು, ನಲ್ಲಿ, ಬಣ್ಣ ಮಾರುತ್ತಾನೆ. ಹೆಂಡತಿಯರ ಗೆಳೆತನದಿಂದ ಪರಿಚಯವಾದ ಗಂಡಂದಿರು ಹೆಂಡತಿಯರನ್ನೇ ಮೀರಿಸಿ ಗೆಳೆಯರಾಗಿ, ಮೀನಿನ ಹುಚ್ಚು ಹತ್ತಿಸಿಕೊಂಡಿದ್ದರು. ಮಾರುತೇಶನ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವಂತಿಲ್ಲ. ಹಾಗಾಗಿ ಅವನು ಹಿಡಿದದ್ದೆಲ್ಲ ಅರ್ಫಾತನ ಮನೆಗೆ ಹೋಗುತ್ತಿತ್ತು. “ಹಿಡಿಯೋ ಪಾಪ ನಂದು, ತಿನ್ನೋ ಪುಣ್ಯ ಸಾಬ್ರುದು,” ಎನ್ನುತ್ತಿದ್ದ. ಅವನ ತಾಯಿ ಪ್ರೇಮಮ್ಮನ ಲೆಕ್ಕದಲ್ಲಿ ಮಗ ಸೊಸೆ ಈಗ ಸವಳಂಗದಲ್ಲಿ ಯಾರದೋ ತೋಟ ನೋಡುತ್ತಿದ್ದರು. ಆಕೆ ಫೋನು ಮಾಡಿದರೆ ನೀರಿನ ಸದ್ದು ಕೇಳೀತೆಂದು ನಾಲ್ವರ ಫೋನೂ ಕಾರಿನಲ್ಲೇ ಉಳಿದವು.

ಗಾಳಿ ತುಂಬುವ ಕಯಾಕ್ ದೋಣಿ ಎರಡು. ಒಂದೊಂದರಲ್ಲಿ ಇಬ್ಬಿಬ್ಬರು ಹಿಂದೆ ಮುಂದೆ ಕೂರಬಹುದು. ಇಷ್ಟು ದಿನ ಅವು ಸೂಳೆಕೆರೆಯ ನಿಂತ ನೀರನ್ನಷ್ಟೇ ಕಂಡಿದ್ದವು. ಅಲ್ಲಿ ಹೊತ್ತೇರಿದಂತೆ ಗುಡ್ಡಗಳ ನಡುವಿನಿಂದ ಗಾಳಿ ನುಗ್ಗಿ ದೋಣಿಯನ್ನು ಅಲೆದಾಡಿಸುತ್ತದೆ. ಅದಕ್ಕೆ ಗಂಡಸರಿಬ್ಬರೂ ಒಂದು ರೂಢಿ ಮಾಡಿಕೊಂಡಿದ್ದರು. ಭಾರದ ಕಲ್ಲಿಗೆ ನೂಲಿನ ಹಗ್ಗ ಬಿಗಿದು ತಳಕ್ಕೆ ಇಳಿಸುವುದು. ಹಗ್ಗದ ಇನ್ನೊಂದು ತುದಿಯನ್ನು ದೋಣಿಯ ಮಗ್ಗುಲಿನ ಬಳೆಗೆ, ಕೂತವರ ಸೊಂಟದ ಪಕ್ಕದಲ್ಲೇ ಕಟ್ಟುವುದು. ಆಮೇಲೆ ಗಂಟಿನ ಮೇಲೆ ನೀರು ಸುರಿದು ಇನ್ನೊಮ್ಮೆ ಜಗ್ಗುವುದು. ನೀರು ಕುಡಿದ ಗಂಟು ಎಂಥ ಗಾಳಿಗೂ ಸಡಿಲುವುದಿಲ್ಲ.

ಇವತ್ತು ಗಂಡಸರಿಬ್ಬರು ಒಂದರಲ್ಲಿ, ಹೆಂಗಸರಿಬ್ಬರು ಇನ್ನೊಂದರಲ್ಲಿ ಕೂತರು. ತುಂಗಭದ್ರೆಯ ನಡುವಿಗೆ ಹೋಗಿ ಮಾರುತೇಶ್ ಅದನ್ನೇ ಮಾಡಿದ. ಗಂಟಿನ ಮೇಲೆ ಅವನು ಬೊಗಸೆ ನೀರು ಹಾಕುವುದನ್ನು ನುಜಹತ್ ತನ್ನ ಕಯಾಕಿನಿಂದ ನೋಡಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

“ಇಲ್ಲಿ ನೀರು ಹರೀತೈತಲ್ಲ, ಗಂಟು ಮಗ್ಗುಲಾಗೇ ಇರಬೇಕಾ?” ಎಂದು ಕೂಗಿದಳು.

“ನೋಡ್ರಪ್ಪ, ಮೇಡಮ್ಮೋರು ಪ್ರಶ್ನೆ ಕೇಳಿ ಬೇಡ ಅಂತಿದಾರೆ!” ಎಂದ ಅರ್ಫಾತ್. ಪ್ರಮೀಳಾ ಕಿಸಕ್ಕನೆ ನಕ್ಕಳು. ನುಜಹತ್ ತಾನೂ ನಕ್ಕಳು.

ಹೆಂಗಸರು ಕಲ್ಲು ಇಳಿಸಲಿಲ್ಲ. ಹರಿವಿನಲ್ಲಿ ಗಂಡಸರಿಗಿಂತ ಒಂದಿಷ್ಟು ಕೆಳಗೆ, ದಂಡೆಯಿಂದ ಹೊಳೆಗೆ ಬಾಗಿದ ಹೊಂಗೆಮರದ ಕೊಂಬೆ ಹಿಡಿದು ಕಯಾಕ್ ನಿಲ್ಲಿಸಿಕೊಂಡರು. ಪ್ರಮೀಳಾ ಚಾಕು ತೆಗೆದು ಸೌತೆಕಾಯಿ ಹೆಚ್ಚಿ ಉಪ್ಪುಖಾರ ಸವರಿದಳು. ಆಕಾಶ ತೊಳೆದಿಟ್ಟಂತಿತ್ತು. ಹಿಂದಿನ ರಾತ್ರಿ ಮಾತ್ರ, ಹೊಳೆ ಹರಿದು ಬರುವ ಮಲೆನಾಡಿನ ದಿಕ್ಕಿನಲ್ಲಿ ಬಹಳ ಹೊತ್ತು ಮಿಂಚಿತ್ತು.

ಹೊಳೆಯ ನಡುವೆ, ಗಂಡಸರ ದೋಣಿಗಿಂತ ಕೆಳಗೆ ಒಂದು ಬಂಡೆ, ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ. ನುಜಹತ್ ಅದನ್ನೇ ನೋಡುತ್ತಿದ್ದಳು. ಹಕ್ಕಿ ಎರಡು ಹೆಜ್ಜೆ ಮೇಲೆ ಸರಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಸರಿಯಿತು. ಆಮೇಲೆ ಹಾರಿಹೋಯಿತು. ಡಿಕಾಕ್ಷನ್ನಿನ ಬಣ್ಣದ ನೀರಿಗೆ ಯಾರೋ ಹಾಲು ಬೆರೆಸಿದ ಹಾಗೆ ಹೊಳೆ ಕದಡುತ್ತಿತ್ತು. ಒಣ ಎಲೆ, ನೊರೆ, ಬೇರು ಸಮೇತ ಕಿತ್ತ ಹುಲ್ಲು ತೇಲಿ ಬಂದವು.

ತನ್ನ ಹೆದರಿಕೆಯನ್ನು ಅವಳು ನಂಬುತ್ತಿರಲಿಲ್ಲ. ಗ್ಯಾಸ್ ಆರಿಸಿದ್ದನ್ನು ನೋಡಲು ದಾರಿಯಿಂದ ವಾಪಸು ಬಂದ ದಿನಗಳೆಷ್ಟೋ. ಒಂದು ದಿನವೂ ಗ್ಯಾಸ್ ಉರಿಯುತ್ತಿರಲಿಲ್ಲ. ಹಾಗಾಗಿ ಈಗಲೂ ಪರೀಕ್ಷೆ ಮಾಡಿದಳು. ಹಿಡಿದ ಕೊಂಬೆಯಲ್ಲಿ, ನೀರಿಗಿಂತ ಗೇಣುದ್ದ ಮೇಲೆ ಒಂದು ಕವಲು ಇತ್ತು. ಅದರ ಮೇಲೆ ಕಣ್ಣು ನೆಟ್ಟಳು. ಪ್ರಮೀಳಾ ತನ್ನ ನಾದಿನಿಯ ಸೀಮಂತದ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕವಲು ನೀರಿಗೆ ತಾಗಿತು.

“ರೀ!” ಎಂದು ನುಜಹತ್ ಕೂಗಿದಳು. “ನೀರು ಏರ್ತಾ ಐತೆ! ಕಲ್ಲು ಎತ್ತಿ ದಂಡೆಗೆ ಬನ್ನಿ!”

ಅದೇ ಕ್ಷಣ ಅರ್ಫಾತನ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು.

“ಈಗ ಕಚ್ಚೈತೆ ಕಣೆ! ಈಗ ಬರಾಕೆ ಆಗ್ತೈತಾ?”

“ದೊಡ್ಡದೈತೆ ಸಾಬ್ರೆ, ದಾರ ಬಿಡ್ರಿ, ಬಿಡ್ರಿ!” ಮಾರುತೇಶ್ ಕುಣಿಯುವುದೊಂದು ಬಾಕಿ. ದೋಣಿ ಒಂದು ಮಗ್ಗುಲಿಗೆ ವಾಲಿತು. ಮೀನು ಜಗ್ಗುತ್ತಿದೆಯೆಂದು ಎಲ್ಲರೂ ತಿಳಿದರು. “ಆನೆಮರಿ ಬಿದ್ದೈತೇನ್ರೀ?” ಎಂದು ಪ್ರಮೀಳಾ ಚಪ್ಪಾಳೆ ತಟ್ಟಿದಳು.

ದಾರ ಟಪ್ಪೆಂದು ಕಡಿಯಿತು. ಕೋಲು ನೆಟ್ಟಗಾಯಿತು.

ದೋಣಿ ನೆಟ್ಟಗಾಗಲಿಲ್ಲ.

ಚಪ್ಪಾಳೆ ನಿಂತಿತು. ಕಲ್ಲು ತಳದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಹಗ್ಗ ಇದ್ದಷ್ಟೇ ಉದ್ದವಿತ್ತು, ಹೊಳೆ ಮಾತ್ರ ಏರುತ್ತಿತ್ತು. ಅಡ್ಡಲಾಗಿ ನಿಂತ ದೋಣಿಯನ್ನು ಸೆಳವು ತಳ್ಳುತ್ತಿತ್ತು, ಹಗ್ಗ ಅದರ ಮಗ್ಗುಲನ್ನು ಕೆಳಕ್ಕೆ ಎಳೆಯುತ್ತಿತ್ತು.

ಅರ್ಫಾತ್ ಗಂಟು ಬಿಚ್ಚಲು ಬಗ್ಗಿದ. ಅವನ ಭಾರಕ್ಕೆ ಅಂಚು ಮುಳುಗಿ ನೀರು ಒಳಗೆ ನುಗ್ಗಿತು.

“ಏಯ್, ಆ ಕಡೆ ಬಗ್ಗಬ್ಯಾಡ್ರಿ!” ಮಾರುತೇಶ್ ಅವನ ಅಂಗಿ ಹಿಡಿದು ಎಳೆದ. ಇಬ್ಬರೂ ಎದುರಿನ ಅಂಚಿಗೆ ಬೆನ್ನು ಒತ್ತಿ ಕೂತರು. ಗಂಟು ಕೈಗೆಟಕುವ ದೂರದಲ್ಲಿತ್ತು, ಆದರೆ ಅದರ ಕಡೆ ಬಗ್ಗಿದವನು ದೋಣಿಯನ್ನು ತಾನೇ ಮುಳುಗಿಸುತ್ತಿದ್ದ.

“ಚಾಕು! ಪ್ರಮೀಳಾ, ಚಾಕು ಎಲ್ಲೈತೆ?” ಎಂದು ಮಾರುತೇಶ್ ಕೂಗಿದ.

ಚಾಕು ಪ್ರಮೀಳಾಳ ಮಡಿಲಲ್ಲಿ, ಸೌತೆಕಾಯಿ ಸಿಪ್ಪೆಗಳ ನಡುವೆ ಇತ್ತು.

ಕೊಂಬೆ ಬಿಟ್ಟು ಇಬ್ಬರೂ ಹುಟ್ಟು ಹಾಕಿದರು. ನುಜಹತ್ ಭುಜ ಕಿತ್ತುಹೋಗುವಂತೆ ಎಳೆದಳು. ಮೊದಲಿಗೆ ಅಂತರ ಕಡಿಮೆಯಾಯಿತು. ಅರ್ಫಾತನ ಗಡ್ಡದ ನೀರಹನಿ ಕಾಣುವಷ್ಟು. ಆಮೇಲೆ ಎಷ್ಟು ಎಳೆದರೂ ಅಲ್ಲೇ. ಪ್ರಮೀಳಾ ಹುಟ್ಟು ಕೆಳಗಿಟ್ಟು, “ಹಿಡ್ಕಳ್ರೀ!” ಎಂದು ಚಾಕು ಎಸೆದಳು. ಅದು ಮಾರುತೇಶನ ಚಾಚಿದ ಕೈಗಿಂತ ಒಂದು ಮಾರು ಈಚೆಗೆ ಬಿದ್ದು ಮುಳುಗಿತು. ಹುಟ್ಟು ನಿಂತದ್ದೇ ತಡ, ಹೊಳೆ ಅವರನ್ನು ಹಿಂದಕ್ಕೆ ತಂದು ಹೊಂಗೆಮರಕ್ಕೆ ಒತ್ತಿತು. ಪ್ರಮೀಳಾ ಕೊಂಬೆ ತಬ್ಬಿಕೊಂಡು ಅಳತೊಡಗಿದಳು.

“ಇನ್ನೊಂದ್ಸಲ ಹೋಗಾಣ, ನುಜ್ಜು. ಇನ್ನೊಂದೇ ಸಲ.”

ವಾಲಿದ ದೋಣಿಯಿಂದ ಗಾಳಕ್ಕೆ ಸಿಕ್ಕಿಸುವ ಹಿಟ್ಟಿನ ಉಂಡೆ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಜಾರಿ ನೀರಿಗೆ ಬಿದ್ದಿತ್ತು. ನುಜಹತ್ ಅದನ್ನು ನೋಡುತ್ತಿದ್ದಳು. ಡಬ್ಬಿ ನಟ್ಟನಡುವೆ ಓಡಿತು, ಬಂಡೆಯ ಹತ್ತಿರ ಹೊರಳಿತು, ದಂಡೆಯ ಕಡೆ ತಿರುಗಿತು. ತಿರುಗಿದ್ದು ಬಂದು ಅವಳ ಮೊಣಕೈ ಪಕ್ಕದಲ್ಲಿ ಕಯಾಕಿಗೆ ಬಡಿಯಿತು.

ತಾವು ಅಲ್ಲಿಗೆ ಹೋಗುವುದು ಸಾಧ್ಯವಿಲ್ಲ. ಅಲ್ಲಿಂದ ಬಿದ್ದದ್ದು ಇಲ್ಲಿಗೇ ಬರುತ್ತದೆ.

ಅರ್ಫಾತನಿಗೆ ಈಜು ಬರುತ್ತಿರಲಿಲ್ಲ. ಲೈಫ್ ಜಾಕೆಟ್ಟನ್ನು, ಸೆಕೆಯೆಂದು, ಕುಂಡಿಯ ಕೆಳಗೆ ಹಾಕಿಕೊಂಡು ಕೂತಿದ್ದ. ಮಾರುತೇಶ್ ತನ್ನದನ್ನು ತೊಟ್ಟೇ ಇದ್ದ.

“ರೀ, ಜಾಕೆಟ್ ಹಾಕ್ಕೊಳ್ಳಿ!” ಎಂದಳು. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ ಅದು. “ಮೂರೂ ಕ್ಲಿಪ್ಪು ಹಾಕ್ಕೊಳ್ಳಿ. ಮಾರುತೇಶಣ್ಣ, ಅವರಿಗೆ ಸಹಾಯ ಮಾಡ್ರಿ.”

ಮಾರುತೇಶ್ ಜಾಗರೂಕತೆಯಿಂದ, ಮಗುವಿಗೆ ಅಂಗಿ ತೊಡಿಸುವಂತೆ, ಅದನ್ನು ಅವನಿಗೆ ತೊಡಿಸಿದ. ನೀರು ಅವರ ಮಂಡಿಗೆ ಬಂದಿತ್ತು.

“ಈಗ ಹಾರಿ.”

“ಏನಂದೆ?”

“ನೀರಿಗೆ ಹಾರಿ! ದೋಣಿ ಬಿಟ್ಟುಬಿಡಿ. ಹೊಳೆ ನಿಮ್ಮನ್ನ ಇಲ್ಲಿಗೇ ತರ್ತೈತೆ. ನಾನು ನೋಡಿದೀನಿ.”

ಪ್ರಮೀಳಾ ಹೆದರಿ ಅವಳ ತೋಳು ಹಿಡಿದಳು. “ನಿನಗೇನಾಗೈತೆ? ಅರ್ಫಾತಣ್ಣಗೆ ಈಜಾಕೆ ಬರಲ್ಲ ಕಣೆ!”

ನುಜಹತ್‌ಗೆ ಅದು ಗೊತ್ತಿತ್ತು. ತನ್ನ ಮಾತು ಸುಳ್ಳಾದರೆ ಗಂಡನನ್ನು ಹೊಳೆಗೆ ತಳ್ಳಿದವಳು ತಾನೇ ಎಂಬುದೂ ಗೊತ್ತಿತ್ತು. ಡಬ್ಬಿ ಬಂದ ದಾರಿಯನ್ನು ಮತ್ತೊಮ್ಮೆ ಕಣ್ಣಲ್ಲೇ ನಡೆದಳು. ಆಗಲೇ ಒಂದು ನೊರೆಯ ಉಂಡೆ ಅದೇ ದಾರಿ ಹಿಡಿದು ಬಂಡೆಯ ಬಳಿ ಹೊರಳಿತು.

“ಮಾರುತೇಶಣ್ಣ, ಮೊದಲು ನೀವು!”

ಮಾರುತೇಶ್ ಗೆಳೆಯನ ಮುಖ ನೋಡಿದ, ಹೆಂಡತಿಯನ್ನು ನೋಡಿದ, “ಯಪ್ಪಾ ಶಿವನೇ!” ಎಂದು ಹಾರಿದ. ಮುಳುಗಿ, ಎದ್ದು, ಕೈಕಾಲು ಬಡಿಯುತ್ತ, ಬಂಡೆಯ ಬಳಿ ಗಿರಕಿ ಹೊಡೆದು, ನೇರ ಬಂದು ಹೊಂಗೆಯ ಕೊಂಬೆ ಹಿಡಿದ. ಹಿಡಿದವನು ಮಾತಾಡಲಾರದೆ ಕೆಮ್ಮುತ್ತ ಬೇರುಗಳ ಮೇಲೆ ದಂಡೆಗೆ ತೆವಳಿದ.

ಅವನ ಭಾರ ತಪ್ಪಿದ ದೋಣಿ ಇನ್ನಷ್ಟು ವಾಲಿತ್ತು. ಅರ್ಫಾತ್ ಮೇಲಿನ ಅಂಚನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದ. ಬೆಳಗಿನಿಂದ ನಗುತ್ತಿದ್ದ ಮುಖ ಸುಣ್ಣದ ಹಾಗಿತ್ತು.

“ನುಜ್ಜು, ನನ್ನ ಕೈಲಿ ಆಗಲ್ಲ.”

“ಆಗ್ತೈತೆ.”

“ನೀನೇ ಹೇಳ್ತಿದೀಯಾ? ಖರೇ ಹೇಳು, ನೀನೇನಾ?”

“ನಾನೇ ಹೇಳ್ತಿದೀನಿ. ಬಾಯಿ ಮುಚ್ಕೊಂಡು, ಮೂಗು ಹಿಡ್ಕೊಂಡು ಹಾರಿ.”

ಅವನು ಅವಳನ್ನೇ ನೋಡಿದ. ಮೂಗು ಹಿಡಿದುಕೊಂಡ. ಹಾರಿದ.

ನೀರು ಮುಚ್ಚಿಕೊಂಡಿತು. ಅವನ ಹಿಂದೆಯೇ ದೋಣಿ ಮಗುಚಿ, ಹೊಟ್ಟೆ ತೋರಿಸಿ, ಹಗ್ಗದ ಎಳೆತಕ್ಕೆ ಒಳಗೆ ಹೋಯಿತು. ನುಜಹತ್ ಅದನ್ನು ನೋಡಲಿಲ್ಲ. ಜಾಕೆಟ್ಟಿನ ಕಿತ್ತಳೆ ಬಣ್ಣವನ್ನು ಹುಡುಕುತ್ತಿದ್ದಳು. ಬಂಡೆಗಿಂತ ಆಚೆ ಅದು ಎದ್ದಿತು. ಆಚೆ! ನೀರು ಏರಿ ಬಂಡೆಯ ನೆತ್ತಿ ಮುಳುಗಿತ್ತು, ಸೆಳವು ಮೊದಲಿನಷ್ಟು ತಿರುಗುತ್ತಿರಲಿಲ್ಲ. ಅವನು ಕೊಂಬೆಗೆ ಸಿಗದೆ ಹೊಳೆಯ ನಡುವೆಯೇ ದಾಟಿ ಹೋಗುತ್ತಿದ್ದ.

“ಬಿಡೇ ಕೊಂಬೆ!”

ಪ್ರಮೀಳಾ ಬಿಟ್ಟಳು. ಈ ಸಲ ಹೊಳೆ ಅವರ ಕಡೆಗಿತ್ತು. ನಾಲ್ಕಾರು ಹುಟ್ಟಿಗೆ ಕಯಾಕ್ ಅವನ ಮುಂದಕ್ಕೆ ಹೋಗಿ ಅಡ್ಡವಾಯಿತು. ನುಜಹತ್ ಹುಟ್ಟನ್ನು ಚಾಚಿದಳು. ಅವನು ಅದನ್ನು ಹಿಡಿದ, ಅಲ್ಲಿಂದ ಕಯಾಕಿನ ಹಿಂದಿನ ಹಗ್ಗದ ಕುಣಿಕೆ ಹಿಡಿದ, ಹಿಡಿದ ಕೂಡಲೇ ಎದೆಯೆತ್ತಿ ಮೇಲೆ ಹತ್ತಲು ಒದ್ದಾಡಿದ. ಕಯಾಕ್ ಅಪಾಯಕರವಾಗಿ ತುಯ್ದಾಡಿತು.

“ಹತ್ತಬೇಡಿ! ಹತ್ತಿದ್ರೆ ಮೂವರೂ ಹೋಗ್ತೀವಿ. ಬರೀ ಹಿಡ್ಕೊಂಡಿರಿ.”

ಅವನ ಕಣ್ಣಲ್ಲಿ ಮುಳುಗುವವನ ಕ್ರೌರ್ಯವಿತ್ತು. ಒಂದು ಕ್ಷಣ ಅವನು ಹತ್ತಿಯೇ ಬಿಡುತ್ತಾನೆ ಅನ್ನಿಸಿತು. ಆಮೇಲೆ ಎದೆ ಕೆಳಗಿಳಿಯಿತು. ಬರೀ ಹಿಡಿದುಕೊಂಡ.

ದಂಡೆಗೆ ನೇರ ಹೋಗದೆ ಓರೆಯಾಗಿ, ಹರಿವಿನ ಜೊತೆಗೇ ಹುಟ್ಟು ಹಾಕಿದರು. ದಂಡೆಯ ಮೇಲೆ ಮಾರುತೇಶ್ ಬರಿಗಾಲಲ್ಲಿ, ಮೆಕ್ಕೆಜೋಳದ ಹೊಲದ ಬದುವಿನ ಗುಂಟ, ಅವರ ಸಮಕ್ಕೆ ಓಡುತ್ತಿದ್ದ. ಏನೇನೋ ಕೂಗುತ್ತಿದ್ದ. ನುಜಹತ್ ತಿರುಗಿ ತಿರುಗಿ ಗಂಡನ ಬೆರಳುಗಳನ್ನು ನೋಡಿದಳು. ಬೆಳ್ಳಗಾಗಿದ್ದವು, ಸಡಿಲಾಗಿರಲಿಲ್ಲ.

ಹೊಲ ಹೊಳೆಗೆ ಇಳಿಯುವ ಕಡೆ ಸೆಳವು ಸತ್ತಿತ್ತು. ಕಯಾಕಿನ ಮೂತಿ ಕೆಸರಿಗೆ ತಾಗಿತು. ಪ್ರಮೀಳಾ ಇಳಿದು, ಸೊಂಟದುದ್ದ ನೀರಲ್ಲಿ ಗಂಡನ ಕಡೆಗೆ ಬಿದ್ದೆದ್ದು ನಡೆದಳು.

“ನುಜ್ಜು,” ಎಂದ ಅರ್ಫಾತ್. ಹಲ್ಲು ಕಟಕಟಿಸುತ್ತಿದ್ದವು. “ಕಾಲಿಗೆ ನೆಲ ಸಿಕ್ತು. ಬಿಡ್ಲಾ?”

ಅವಳು ಹುಟ್ಟನ್ನು ಅವನ ಪಕ್ಕದಲ್ಲಿ ಊರಿ ನೋಡಿದಳು. ದಂಡೆಯ ಕಡೆಗೆ ಇನ್ನೊಂದು ಕಡೆ ಊರಿದಳು. ಅಲ್ಲೂ ಗಟ್ಟಿಯಿತ್ತು. ಅವನು ಕುತ್ತಿಗೆಯವರೆಗೆ ನೀರಲ್ಲಿ ಕುಕ್ಕರಿಸಿ, ಕುಣಿಕೆ ಹಿಡಿದೇ, ಅವಳ ಬಾಯನ್ನೇ ನೋಡುತ್ತ ಕಾದಿದ್ದ.

“ಬಿಡಿ,” ಎಂದಳು.

ಅವನು ಬಿಟ್ಟು ಎದ್ದು ನಿಂತ.