ಸೊಸೆಗೆ ಓಟಿಲ್ಲ

ನನ್ನ ಸೊಸೆ ಚಾದರ ಮಡಚುವ ಚಂದ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸರ್ಕಾರಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡ ಚಾದರವನ್ನು ಇಬ್ಬರು ಎದುರುಬದುರು ಹಿಡಿದು ಮಡಚಬೇಕು. ನಮ್ಮ ತುದಿಯನ್ನು ಎದುರಿನವರ ಕೈಗೆ ಕೊಟ್ಟ ಮೇಲೇ ಬಿಡಬೇಕು. ಇವಳು ಅರ್ಧದಲ್ಲೇ ಬಿಟ್ಟು ತಲೆ ಕೆರೆದುಕೊಳ್ಳುತ್ತಾಳೆ. ಬೈದರೆ, "ಮನೇಲೂ ಅತ್ತೆ, ಇಲ್ಲೂ ಅತ್ತೆ, ನಾನು ಉಸಿರಾಡೋದೆಲ್ಲಿ?" ಅನ್ನುತ್ತಾಳೆ. ನೌಕರಿ ಇನ್ನೂ ಖಾಯಂ ಆಗಿಲ್ಲ, ನಾಲಿಗೆ ಮಾತ್ರ ಆಗಲೇ ಖಾಯಂ.

ಈ ವರ್ಷದ ಕೊನೆಗೆ ನನಗೆ ನಿವೃತ್ತಿ. ನನ್ನ ಮಂಡಿ ನನಗಿಂತ ಮುಂಚೆಯೇ ನಿವೃತ್ತಿಯಾಗಿದೆ.

ಮೊನ್ನೆ ಪಿಂಚಣಿ ಕಚೇರಿಯ ಅಧಿಕಾರಿ ನಮ್ಮಲ್ಲಿಗೆ ಬಂದ. ಒಳ್ಳೆಯವನೇ, ಸುಳ್ಳು ಹೇಳಲಿಲ್ಲ. ದುಡಿಯುವವರು ಕಡಿಮೆಯಾಗುತ್ತಿದ್ದಾರೆ, ಪಿಂಚಣಿ ಪಡೆಯುವವರು ಹೆಚ್ಚು ಕಾಲ ಬದುಕುತ್ತಿದ್ದಾರೆ, ಹೀಗೇ ಬಿಟ್ಟರೆ ನಿಧಿ ಬರಿದಾಗುತ್ತದೆ ಎಂದ. "ಹಳಬರು ಹೆದರಬೇಡಿ, ನಿಮ್ಮದನ್ನ ಮುಟ್ಟಲ್ಲ. ಹೊಸಬರಿಗೆ ಮಾತ್ರ ಅರ್ಧ ಪಿಂಚಣಿ, ಐದು ವರ್ಷ ಜಾಸ್ತಿ ಕೆಲಸ."

ಅಲ್ಲೇ ಓಟು: ಒಪ್ಪುವವರು ಇಸ್ತ್ರಿ ಮೇಜಿನ ಕಡೆ, ಒಪ್ಪದವರು ಒಗೆಯುವ ಯಂತ್ರದ ಕಡೆ ನಿಲ್ಲಬೇಕು. ನಮ್ಮ ಸಂಘದ ನಿಯಮದಂತೆ ಒಬ್ಬರು ಒಪ್ಪದಿದ್ದರೂ ಪ್ರಸ್ತಾಪ ವಾಪಸ್ಸು. ಖಾಯಂ ಆಗದವರಿಗೆ ಓಟಿಲ್ಲ.

ಹಳಬರೆಲ್ಲ ಇಸ್ತ್ರಿ ಮೇಜಿನ ಸುತ್ತ ಸೇರಿದರು. ನಾನೂ ಅಲ್ಲೇ ನಿಂತೆ, ನನ್ನದು ಉಳಿಯಿತಲ್ಲ ಎಂದು ಜೀವ ತಂಪಾಗಿತ್ತು. ಸೊಸೆ ಹೊಸಬರ ಜೊತೆ ಬಾಗಿಲ ಬಳಿ ಇದ್ದಳು. ಅರ್ಧವಾಗುವುದು ಅವಳ ಪಿಂಚಣಿ, ತೀರ್ಮಾನ ಮಾಡುವವರು ನಾವು. ಅವಳು ಬೈಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ಆ ಬಾಯಿಬಡಕಿ ಸುಮ್ಮನೆ ನಿಂತದ್ದನ್ನು ನೋಡಿ ನನಗೆ ಕೆಟ್ಟ ಸಿಟ್ಟು ಬಂತು.

ಒದ್ದೆ ನೆಲದ ಮೇಲೆ ಕುಂಟುತ್ತಾ ಯಂತ್ರದ ಕಡೆಗೆ ನಡೆದೆ.

"ದೊಡ್ಡಮ್ಮ, ದಾರಿ ತಪ್ಪಿದ್ರಾ?" ಇಸ್ತ್ರಿಯವನು ಕೂಗಿದ.

"ನೆಟ್ಟಗೇ ಬಂದಿದ್ದೀನಿ."

ಅಧಿಕಾರಿ ಹತ್ತಿರ ಬಂದ. "ಇದು ಬಿದ್ದುಹೋದ್ರೆ ಮುಂದಿನ ಸಲ ನಿಮ್ಮದಕ್ಕೂ ಕತ್ತರಿ ಬೀಳಬಹುದು, ಅಮ್ಮಾ."

"ಬೀಳ್ಲಿ. ನಿಧಿ ಬರಿದಾಗುತ್ತೆ ಅಂದ್ರಿ, ನಂಬಿದೆ. ಹಾಗಾದ್ರೆ ಎಲ್ಲರ ತಟ್ಟೆಯಿಂದಲೂ ಒಂದೊಂದು ತುತ್ತು ತೆಗೀರಿ, ನನ್ನದ್ರಿಂದಲೂ ತೆಗೀರಿ. ಓಟಿಲ್ಲದೋರ ಹೊಟ್ಟೆ ಮೇಲೆ ಮಾತ್ರ ಹೊಡೆಯೋದಾದ್ರೆ ನಾನು ಒಪ್ಪಲ್ಲ. ಎಲ್ಲರಿಗೂ ಸಮನಾಗಿ ಕತ್ತರಿಸೋ ಕಾಗದ ತಗೊಂಡು ಬನ್ನಿ, ಮೊದಲು ನಾನೇ ಆ ಕಡೆ ನಿಲ್ತೀನಿ."

ಹಳಬರು ನನ್ನ ಜನ್ಮ ಜಾಲಾಡಿದರು. ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಗೆಳತಿ ಮುಖ ತಿರುಗಿಸಿದಳು, ಅದರಿಂದ ನೋವಾಯಿತು. ಆದರೂ ನಿಂತ ಜಾಗದಿಂದ ಕದಲಲಿಲ್ಲ. ಕೊನೆಗೆ ಅಧಿಕಾರಿ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟ.

ಎಲ್ಲರೂ ಚದುರಿದ ಮೇಲೆ ಸೊಸೆ ಬಂದಳು. ಕಣ್ಣು ಕೆಂಪಾಗಿತ್ತು. "ಯಾರು ಹೇಳಿದ್ರು ನಿಮಗೆ ಆ ಕಡೆ ಹೋಗೋಕೆ? ನಾಳೆ ನಿಮ್ಮ ಪಿಂಚಣಿ ಕಮ್ಮಿಯಾದ್ರೆ ನಿಮ್ಮನ್ನ ಸಾಕೋಳು ನಾನೇ ಅಲ್ವಾ?"

"ನನ್ನನ್ನ ಸಾಕು, ಪರವಾಗಿಲ್ಲ. ನೀನು ಮುದುಕಿ ಆದಾಗ ನಿನ್ನ ಸೊಸೆಯ ಕೈ ಕಾಯೋ ಹಾಗೆ ಆಗ್ಬಾರ್ದು, ಅಷ್ಟೇ."

ಅವಳು ರಾಶಿಯಿಂದ ಒಂದು ಚಾದರ ಎಳೆದು ಒಂದು ತುದಿಯನ್ನು ನನ್ನತ್ತ ಎಸೆದಳು. ಇಬ್ಬರೂ ಜಗ್ಗಿ ಹಿಡಿದೆವು. ನನ್ನ ಮಂಡಿ ಹಿಡಿದುಕೊಂಡಿತ್ತು, ಹೆಜ್ಜೆ ಎತ್ತಲಾಗಲಿಲ್ಲ. ಅವಳೇ ನಡೆದು ಬಂದು ತನ್ನ ತುದಿಯನ್ನು ನನ್ನ ಕೈಗಿಟ್ಟಳು.

"ಹಿಡ್ಕೊಂಡ್ರಾ, ಅತ್ತೆ?"

"ಹಿಡ್ಕೊಂಡೆ" ಎಂದ ಮೇಲೇ ಬಿಟ್ಟಳು.