ಬಾಗಿನದಲ್ಲಿ ಹೋದ ಬಾಳೆ

ಇಲವಾಲ ದಾಟಿ ಹುಣಸೂರು ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಗಿರಿಜಾಂಬಾ ಅವರ ಬಾಳೆ ಸಸಿಗಳ ಲ್ಯಾಬು. ದೇವರಾಜ ಮೊಹಲ್ಲಾದಲ್ಲಿ ಎರಡು ತಲೆಮಾರು ಅರಿಶಿನ ಕುಂಕುಮದ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅವರದು. ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನು ಮೈದುನನಿಗೆ ಬಿಟ್ಟುಕೊಟ್ಟು, ಈ ಲ್ಯಾಬು ಕಟ್ಟಿಸಿದ್ದರು. ಬಾಳೆಗೆಡ್ಡೆಯ ನಡುವಿನ ಎಳೆ ಮೊಳಕೆಯನ್ನು ಕೊಯ್ದು, ಗಾಜಿನ ಬಾಟಲಿಯೊಳಗೆ ಗಂಜಿಯ ಹಾಗೆ ಗಟ್ಟಿಯಾದ ಆಹಾರದ ಮೇಲೆ ಕೂರಿಸಿ, ಒಂದನ್ನು ನಾಲ್ಕು ಮಾಡಿ, ನಾಲ್ಕನ್ನು ಹದಿನಾರು ಮಾಡಿ, ಬೇರು ಬಿಟ್ಟ ಮೇಲೆ ರೈತರಿಗೆ ಮಾರುವುದು ಅಲ್ಲಿನ ಕೆಲಸ.

ಚಾಮುಂಡೇಶ್ವರಿ ಅಲ್ಲಿಗೆ ಕೆಸರೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಬಿ.ಎಸ್ಸಿ. ಆದ ಕೂಡಲೇ ಮದುವೆ, ಮದುವೆಯ ಹಿಂದೆಯೇ ಮಗಳು; ಓದಿನ ಋಣ ಅಲ್ಲಿಗೆ ತೀರಿತು ಅಂದುಕೊಂಡಿದ್ದವಳು. ಕೆಲಸದಲ್ಲಿರುವವರಿಗೆಂದೇ ಶನಿವಾರ ಭಾನುವಾರ ನಡೆಯುವ ಅನ್ವಯಿಕ ಜೀವವಿಜ್ಞಾನದ ಎಂ.ಎಸ್ಸಿ. ಮೈಸೂರಿನಲ್ಲಿ ಶುರುವಾದಾಗ, ಗಂಡ ಲೋಕೇಶನೇ ಅರ್ಜಿ ತಂದುಕೊಟ್ಟಿದ್ದ. ತರಗತಿಯಲ್ಲಿ ಹಾಲಿನ ಡೇರಿಯವರು, ರಕ್ತನಿಧಿಯವರು, ರೇಷ್ಮೆ ಇಲಾಖೆಯವರು, ಎಲ್ಲ ನರೆಗೂದಲು ಇಣುಕುವ ವಯಸ್ಸಿನವರೇ. ಪ್ರತಿ ಶನಿವಾರ ಒಬ್ಬೊಬ್ಬರು ತಮ್ಮ ಕೆಲಸದ ಜಾಗದಿಂದ ಏನಾದರೂ ತರುತ್ತಿದ್ದರು: ಒಡೆದ ಹಾಲು, ಕಾಯಿಲೆಯ ಹುಳು. ಅದನ್ನೇ ಮೈಕ್ರೋಸ್ಕೋಪಿನ ಕೆಳಗಿಟ್ಟು ಪಾಠ.

"ಇದು ಕಾಲೇಜಲ್ಲ, ಸಂತೆ ಕಣ್ರಯ್ಯ," ಎಂದು ನಗುತ್ತಿದ್ದರು ಮೇಷ್ಟ್ರು ಚಿಕ್ಕಬಸವಯ್ಯ. "ನಿಮ್ಮ ನಿಮ್ಮ ಮೂಟೆ ಬಿಚ್ಚಿ, ನೋಡೋಣ."

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ಚಾಮುಂಡೇಶ್ವರಿ ಆರಿಸಿಕೊಂಡಿದ್ದು ನಂಜನಗೂಡು ರಸಬಾಳೆ. ಕಪಿಲೆಯ ದಂಡೆಯ ಅವಳ ತವರಿನಲ್ಲಿ ಒಂದು ಕಾಲಕ್ಕೆ ಅದು ತೋಟ ತುಂಬ ಇತ್ತು. ಸೊರಗು ರೋಗ ಬಿದ್ದು ಒಂದೊಂದೇ ಹೋಗಿ, ಬಚ್ಚಲ ನೀರು ಹರಿಯುವ ಕಡೆ ಒಂದು ಗುಂಪು ಮಾತ್ರ ಉಳಿದಿತ್ತು. ಅಪ್ಪ ನಿಂಗಯ್ಯ ಅದರಿಂದ ಒಂದು ಒಳ್ಳೆಯ ಕಂದು ಕಿತ್ತು, ಬಾಳೆ ಪಟ್ಟೆಯಲ್ಲಿ ಸುತ್ತಿ ತಂದುಕೊಟ್ಟಿದ್ದ. ಆಮೇಲಿನ ಮಳೆಗಾಲದಲ್ಲಿ ಆ ಗುಂಪೂ ಹಳದಿ ತಿರುಗಿ ಮಲಗಿತು. "ಇನ್ ನಿನ್ನ ಸೀಸೆಲಿರೋದೇ ಕಣವ್ವ ನಮ್ಮ ಬಾಳೆ," ಎಂದಿದ್ದ. ಡಿಸೆಂಬರಿನಲ್ಲಿ ಹೊರಗಿನ ಪರೀಕ್ಷಕರು ಬರುವ ಹೊತ್ತಿಗೆ ಬಾಟಲಿಯಲ್ಲಿ ಬೇರು ಬಿಟ್ಟ ರಸಬಾಳೆ ಸಸಿಗಳನ್ನು ತೋರಿಸಬೇಕು. ತೋರಿಸದಿದ್ದರೆ ಎಂ.ಎಸ್ಸಿ. ಇಲ್ಲ.

ಅದು ಎರಡು ಸಾವಿರದ ಮೂರನೇ ಇಸವಿಯ ದಸರಾ. ಆಯುಧಪೂಜೆಯ ದಿನ ಗಿರಿಜಾಂಬಾ ಎಂದಿನಂತೆ ಬೆಳ್ಳಿ ತಟ್ಟೆಯಲ್ಲಿ ಪೂಜೆಯ ಸಾಮಾನು ಹಿಡಿದು ಬಂದರು. ಇಷ್ಟು ವರ್ಷ ಬಾಗಿಲಿಗೆ, ಜನರೇಟರಿಗೆ, ನೀರಿನ ಪಂಪಿಗೆ ಪೂಜೆಯಾಗುತ್ತಿತ್ತು. ಈ ಸಲ ಅವರ ಕಣ್ಣು ಗಾಳಿಪೆಟ್ಟಿಗೆಯ ಮೇಲೆ ಬಿತ್ತು. ಬಾಟಲಿಯ ಮುಚ್ಚಳ ತೆಗೆದು ಮೊಳಕೆ ಕೊಯ್ಯುವುದೆಲ್ಲ ಅದರ ಮುಂದೆಯೇ. ಹಿಂಬದಿಯ ಕಾಗದದಂಥ ಜಾಲರಿಯಿಂದ ಸೋಸಿದ ಗಾಳಿ ಬೀಸುತ್ತಾ ಧೂಳು, ಬೂಷ್ಟು ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತದೆ.

"ಅನ್ನ ಕೊಡೋದೇ ಇದು. ಇದನ್ನೇ ಬಿಟ್ಬುಟ್ರೆ ಹೆಂಗಮ್ಮ? ನಿಂದೂ ಪರೀಕ್ಷೆ ವರ್ಷ. ನೀನೇ ಹಚ್ಚು ಚಾಮೂ."

ನೀರಲ್ಲಿ ಕಲಸಿದ ವಿಭೂತಿಯನ್ನು ಚಾಮುಂಡೇಶ್ವರಿ ತನ್ನ ಕೈಯಾರೆ ಆ ಜಾಲರಿಯ ಮೇಲೆ ಮೂರು ಎಳೆಯಾಗಿ ಎಳೆದಳು. ಸೇವಂತಿಗೆ ಏರಿಸಿದಳು. ಊದುಬತ್ತಿಯ ಹೊಗೆ ಕೋಣೆ ತುಂಬಿತು.

ಪೂಜೆ ಮಾಡಿದ ಆಯುಧವನ್ನು ವಿಜಯದಶಮಿಯ ದಿನ ಹಿಡಿದು ಕೆಲಸಕ್ಕೆ ನಾಂದಿ ಹಾಡಿದರೆ ಅದು ಕೈಗೂಡುತ್ತದೆ ಎಂಬುದು ಅವಳು ಹುಟ್ಟಿದಾಗಿನಿಂದ ಕಂಡದ್ದು. ಅಪ್ಪ ಅವತ್ತು ನೇಗಿಲು ಹೂಡಿ ಒಂದು ಸಾಲಾದರೂ ಉಳುತ್ತಿದ್ದ. ಮಾರನೆಯ ದಿನ ಊರಿಗೆ ಊರೇ ಜಂಬೂಸವಾರಿಗೆ ಬರುತ್ತಿದ್ದರೆ ಅವಳು ಖಾಲಿ ಬಸ್ಸಿನಲ್ಲಿ ಇಲವಾಲದ ಕಡೆ ಹೋದಳು. ಹೂವು ತೆಗೆದಳು, ಮೇಜನ್ನು ಸ್ಪಿರಿಟ್ಟಿನಿಂದ ಒರೆಸಿದಳು. ಜಾಲರಿಯ ಮೇಲಿನ ವಿಭೂತಿಯ ಹತ್ತಿರ ಕೈ ಹೋಗಿ ನಿಂತಿತು. ದಶಮಿಯ ದಿನ ವಿಭೂತಿ ಅಳಿಸುವುದೆ? ನಾಳೆ ನೋಡೋಣ ಎಂದುಕೊಂಡು, ಸಂಜೆಯವರೆಗೂ ಕೂತು ರಸಬಾಳೆಯ ಬಾಟಲಿ ಒಂದನ್ನೂ ಬಿಡದೆ ತೆರೆದು, ಕೊಯ್ದು, ಹೊಸ ಬಾಟಲಿಗೆ ಹಾಕಿದಳು. ಎಲ್ಲವನ್ನೂ ಒಂದೇ ದಿನ ಮುಟ್ಟಬಾರದು, ತಾಯಿ ಬಾಟಲಿ ಒಂದಷ್ಟು ಉಳಿಸಿಕೊಳ್ಳಬೇಕು ಎಂದು ಮೇಷ್ಟ್ರು ಹೇಳಿದ್ದು ಗೊತ್ತಿಲ್ಲವೆಂದಲ್ಲ. ಒಳ್ಳೆಯ ದಿನ, ಎಲ್ಲಕ್ಕೂ ಸಲ್ಲಲಿ ಅನ್ನಿಸಿತ್ತು.

ವಾರ ತುಂಬುವುದರೊಳಗೆ ಬಾಟಲಿಗಳಲ್ಲಿ ಬಿಳಿ ನೂಲು ಕಾಣಿಸಿತು. ಆಮೇಲೆ ಹತ್ತಿ. ಹತ್ತಿಯ ನಡುವೆ ಕಪ್ಪು ಚುಕ್ಕೆ. ರಸಬಾಳೆಯ ಸಾಲು ಪೂರ್ತಿ ಬೂಷ್ಟು ಹಿಡಿದಿತ್ತು.

ಜೊತೆಯಲ್ಲಿ ಕೆಲಸ ಮಾಡುವ ಶಿವಕಿರಣ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟ.

"ಅಕ್ಕಾ, ಒಂದ್ ಮಾತು ಹೇಳ್ತೀನಿ, ಬೈಬ್ಯಾಡ. ಆ ಕಡೆ ರ‍್ಯಾಕಲ್ಲಿ ಮಾಮೂಲಿ ಪಚ್ಚಬಾಳೆ ಸಾವಿರ ಐತೆ. ಅದ್ರಲ್ಲೇ ಒಂದಷ್ಟು ತಗೊಂಡೋಗಿ ತೋರಿಸ್ಬುಡು. ಇಷ್ಟುದ್ದದ ಸಸಿ ನೋಡಿ ರಸಬಾಳೆನೋ ಪಚ್ಚಬಾಳೆನೋ ಅಂತ ಯಾವ ಪರೀಕ್ಷಕ ಹೇಳ್ತಾನೆ?"

"ಯಾರೂ ಹೇಳಲ್ಲ," ಎಂದಳು ಚಾಮುಂಡೇಶ್ವರಿ.

"ಮತ್ತೆ?"

"ಪಾಸಾದ್ಮೇಲೆ ಅಪ್ಪಂಗೆ ಒಂದು ಸಸಿ ಕೊಡ್ಬೇಕಲ್ಲೋ. ಎಂಟತ್ತು ತಿಂಗಳಿಗೆ ಅದು ಗೊನೆ ಹಾಕುತ್ತೆ. ಅಪ್ಪ ಹಣ್ಣು ಸುಲೀತಾನೆ."

ಶಿವಕಿರಣ್ ತಲೆ ಕೆರೆದುಕೊಂಡ. "ಅದೊಂದು ಯೋಚ್ನೆ ಮಾಡ್ಲಿಲ್ಲ ಕಣಕ್ಕ."

ಬಾಟಲಿಗಳನ್ನು ಕುದಿಸಿ ತೊಳೆಯಲು ಹಾಕಿದ ಮೇಲೆ ಅವಳು ಗಿರಿಜಾಂಬಾ ಅವರ ಮುಂದೆ ನಿಂತಳು. ಜಾಲರಿಯನ್ನೇ ಬದಲಿಸದೆ ಬೇರೆ ದಾರಿಯಿರಲಿಲ್ಲ.

"ಅಂದ್ರೆ ನನ್ನ ವಿಭೂತಿ ನಿನ್ನ ಬಾಳೆ ಕೊಂತು ಅಂತೀಯ?" ಅವರ ದನಿ ಏರಿತು.

"ವಿಭೂತಿ ಅಲ್ಲ ಅಮ್ಮಾವ್ರೆ, ಅದನ್ನ ಕಲಸಿದ ನೀರು. ಜಾಲರಿ ನೆನೆದು ಅಲ್ಲೇ ಬೂಷ್ಟು ಕೂತಿದೆ. ಹಚ್ಚಿದ್ದೂ ನಾನೇ, ಒರೆಸದೆ ಬಿಟ್ಟಿದ್ದೂ ನಾನೇ."

"ಹೇಳ್ಬಾರದಿತ್ತೇನೇ ನೀನು? ಎರಡಕ್ಷರ ಜಾಸ್ತಿ ಓದಿದೋಳು!"

"ನಂಗೂ ಬೇಕಿತ್ತು ಅಮ್ಮಾವ್ರೆ, ಪೂಜೆ."

ಗಿರಿಜಾಂಬಾ ಸೆರಗು ಸರಿಮಾಡಿಕೊಂಡು, "ಜಾಲರಿ ತರಿಸು," ಎಂದಷ್ಟೇ ಹೇಳಿ ಎದ್ದುಹೋದರು.

ಆ ಶನಿವಾರ ಚಾಮುಂಡೇಶ್ವರಿ ಕಾಲೇಜಿಗೆ ಬರಿಗೈಯಲ್ಲಿ ಹೋದಳು. ಡೇರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಪ್ರೇಮಲೀಲಾ ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತಾ, "ಏನೇ, ಮುಖ ಒಡೆದ ಹಾಲಿನಂಗಾಗಿದೆ?" ಎಂದಳು. ಚಾಮುಂಡೇಶ್ವರಿ ಎಲ್ಲ ಹೇಳಿದಳು. ಪ್ರೇಮಲೀಲಾಳ ಕೈ ತುತ್ತಿನ ಜೊತೆ ಅರ್ಧದಲ್ಲೇ ನಿಂತಿತು.

"ಅಯ್ಯೋ ಮಂಕೇ! ಗೌರಿ ಹಬ್ಬದಲ್ಲಿ ನಂಗೆ ಬಾಗಿನ ಕೊಟ್ಯಲ್ಲೇ, ಅದ್ರಲ್ಲೇನಿತ್ತು?"

ಚಾಮುಂಡೇಶ್ವರಿಗೆ ಆಗ ನೆನಪಾಯಿತು. ಮೊರದಲ್ಲಿ ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ತೆಂಗಿನಕಾಯಿ ಎಲ್ಲ ಜೋಡಿಸಿ, ಬಾಳೆಹಣ್ಣಿನ ಜೊತೆಗೆ ರಸಬಾಳೆಯ ಒಂದು ಬಾಟಲಿಯನ್ನೂ ಇಟ್ಟಿದ್ದಳು. "ಇದೂ ಹಣ್ಣೇ ಪ್ರೇಮಕ್ಕ, ಸ್ವಲ್ಪ ತಡ ಅಷ್ಟೇ," ಎಂದು ತಮಾಷೆ ಮಾಡಿದ್ದಳು.

"ಇದೆಯಾ ಅದು?"

"ಇಲ್ದೆ ಏನು! ಟಿ.ವಿ. ಮೇಲಿದೆ. ಬಂದೋರಿಗೆಲ್ಲ ನಮ್ಮತ್ತೆ ಅದನ್ನ ತೋರಿಸ್ದೆ ಕಾಫಿ ಕೊಡಲ್ಲ. ಮುಚ್ಚಳ ಮಾತ್ರ ಯಾರೂ ಮುಟ್ಟಂಗಿಲ್ಲ, ಗೌರಿ ಬಾಗಿನ ಅಂತ."

ಮಧ್ಯಾಹ್ನದ ತರಗತಿಗೆ ಅವರಿಬ್ಬರೂ ಇರಲಿಲ್ಲ. ಆಟೋದಲ್ಲಿ ಹೋಗಿ ಬಂದಾಗ ಚಾಮುಂಡೇಶ್ವರಿಯ ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ಬಾಟಲಿಯಿತ್ತು. ಅದರ ಕೊರಳಿಗೆ ಯಾರೋ ಅರಿಶಿನದ ದಾರ ಕಟ್ಟಿದ್ದರು. ಒಳಗಿನ ಆಹಾರ ಬತ್ತಿ ತಳಕ್ಕೆ ಅಂಟಿತ್ತು, ಎಲೆಗಳು ಹಳದಿಯಾಗಿದ್ದವು. ಬೂಷ್ಟು ಮಾತ್ರ ಒಂದೆಳೆಯೂ ಇರಲಿಲ್ಲ.

ಚಿಕ್ಕಬಸವಯ್ಯ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅದನ್ನು ಸುತ್ತಲೂ ತಿರುಗಿಸಿ ನೋಡಿದರು. ಎಲ್ಲ ಕೇಳಿದ ಮೇಲೆ, "ವಿಭೂತಿ ಜಾಲರಿಗೆ! ಹಣೆ ಖಾಲಿ ಇರ್ಲಿಲ್ವೇನಮ್ಮ?" ಎಂದು ಒಂದು ಸಲ ಗದರಿ, ತಾವೇ ನಕ್ಕುಬಿಟ್ಟರು. ಆಮೇಲೆ ಗಂಭೀರವಾದರು.

"ಬುಡದಲ್ಲಿ ಜೀವ ಇದೆ. ಆದ್ರೆ ಡಿಸೆಂಬರಿಗೆ ಆಗಲ್ಲ."

"ಗೊತ್ತು ಸಾರ್."

"ಜೂನಿಗೆ ಆಗುತ್ತೆ. ಇದು ದುಡಿಯೋರ ಕೋರ್ಸು ಕಣಮ್ಮ. ಹೆರಿಗೆ ಅಂತ ಒಬ್ಬರು, ವರ್ಗಾವಣೆ ಅಂತ ಒಬ್ಬರು ತಡ ಮಾಡ್ತಾರೆ. ನೀನು ಬಾಳೆಗೋಸ್ಕರ ತಡ ಮಾಡು, ನಾನು ಬರೆದುಕೊಡ್ತೀನಿ. ಆದ್ರೆ ದಶಮಿ ದಿನ ಆದದ್ದನ್ನೂ ಪ್ರಾಜೆಕ್ಟಲ್ಲಿ ಬರೀಬೇಕು, ಮುಚ್ಚಿಡಂಗಿಲ್ಲ. ನಿನ್ನ ಹಿಂದೆ ಬರೋರೂ ಆಯುಧಪೂಜೆ ಮಾಡೋರೇ."

ಹೊಸ ಜಾಲರಿ ಬರಲು ಒಂದಷ್ಟು ದಿನ ಹಿಡಿಯಿತು. ಅಲ್ಲಿಯವರೆಗೆ ಬಾಟಲಿ ತರಗತಿಯ ಕಿಟಕಿಯಲ್ಲಿ, ಎಲ್ಲರ ಕಾವಲಿನಲ್ಲಿತ್ತು. ಜಾಲರಿ ಕೂರಿಸಿದ್ದು ಒಂದು ಮಂಗಳವಾರ, ಅದೂ ರಾಹುಕಾಲ ಹಿಡಿಯುವ ಹೊತ್ತಿಗೆ. ಶಿವಕಿರಣ್ ಗಡಿಯಾರ ನೋಡಿ ಅವಳ ಮುಖ ನೋಡಿದ. ಅವಳು ಕೈ ತೊಳೆದು ಕೂತಳು. ಒಣಗಿದ ಎಲೆಗಳನ್ನು ಕತ್ತರಿಸಿ ತೆಗೆದು, ಬುಡದಲ್ಲಿ ಅಂಗಿಯ ಗುಂಡಿಯಷ್ಟಿದ್ದ ಬಿಳಿಯ ಭಾಗವನ್ನು ನಾಲ್ಕಾಗಿ ಸೀಳಿ, ಎರಡನ್ನು ಆ ದಿನ, ಉಳಿದೆರಡನ್ನು ಹಳೆಯ ಬಾಟಲಿಯಲ್ಲೇ ಮುಚ್ಚಿಟ್ಟು ಒಂದು ದಿನ ಬಿಟ್ಟು ಹೊಸ ಬಾಟಲಿಗಳಿಗೆ ಇಳಿಸಿದಳು.

ಕಾಯುವುದಷ್ಟೇ ಉಳಿಯಿತು. ಮೊದಲ ವಾರ ಬೆಳಿಗ್ಗೆ ಬಂದ ಕೂಡಲೇ ಬಾಟಲಿಯ ಕಡೆ ನೋಡುವುದಕ್ಕೇ ಅವಳಿಗೆ ಹೆದರಿಕೆ. ಎರಡನೆಯ ವಾರ ಒಂದು ತುಂಡು ಕಂದಿ ಕಪ್ಪಾಯಿತು. ಉಳಿದವು ಹಾಗೆಯೇ ಬಿಳಿಚಿಕೊಂಡು ಕೂತಿದ್ದವು.

ಕಾರ್ತಿಕ ಸೋಮವಾರ ಗಿರಿಜಾಂಬಾ ಮಠಕ್ಕೆ ಹೋಗಿ ಹಾಗೇ ಲ್ಯಾಬಿಗೆ ಬಂದರು. ಕೈಯಲ್ಲಿ ಪ್ರಸಾದದ ದೊನ್ನೆ. ಬಾಟಲಿ ಕೋಣೆಯ ಬಾಗಿಲವರೆಗೂ ಬಂದವರು ಹೊಸ್ತಿಲ ಈಚೆಯೇ ನಿಂತರು. ದೊನ್ನೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗಾಜಿಗೆ ಹಣೆ ತಾಗಿಸಿ ಒಳಗೆ ಇಣುಕಿ, ಏನಾಯಿತು ಎಂದು ಕೈ ತಿರುಗಿಸಿ ಕೇಳಿದರು.

ಚಾಮುಂಡೇಶ್ವರಿ ಒಂದು ಬಾಟಲಿಯನ್ನು ಎತ್ತಿ ಗಾಜಿನ ಹತ್ತಿರ ತಂದಳು. ಬಿಳಿಯ ಬುಡದ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಹಸಿರು, ಅದರ ಮಗ್ಗುಲಲ್ಲಿ ಇನ್ನೊಂದು. ಅವರಿಗೆ ಸರಿಯಾಗಿ ಕಾಣಿಸಿತೋ ಇಲ್ಲವೋ. ಅವಳು ಎರಡು ಬೆರಳು ಎತ್ತಿ ತೋರಿಸಿದಳು.

ಗಾಜಿನಾಚೆ ಗಿರಿಜಾಂಬಾ ಕೈಮುಗಿದರು. ಒಳಗೆ ಬರಲಿಲ್ಲ.