ಬರಬಾರದ ಕಡೆ ಬಂದ ಬಣ್ಣ

ಮಕ್ತಲ್‌ನಲ್ಲಿ ಬಸ್ಸಿಳಿದ ಗಂಗಾಂಬಿಕಾಳ ಕೈಚೀಲದಲ್ಲಿ ಅವಳ ಅಣ್ಣ ಗುರುಲಿಂಗನ ಮಿದುಳಿನ ಒಂದು ಚೂರಿತ್ತು. ಮೇಣದಲ್ಲಿ ಹುದುಗಿಸಿದ, ಉಗುರಿನಷ್ಟು ಚೂರು. ಅವನು ತೀರಿ ಅಂದಿಗೆ ಎರಡು ವರ್ಷ. ಹೊಲದ ಬದುವಿನಲ್ಲಿರುವ ಅವನ ಸಮಾಧಿಯ ಪಕ್ಕ ಅದನ್ನು ಮಣ್ಣು ಮಾಡಬೇಕಿತ್ತು.

ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಇಡಿಯಾಗಿ ಮಣ್ಣಿಗೆ ಒಪ್ಪಿಸುತ್ತಾರೆ. ಗುರುಲಿಂಗ ತಾನಾಗಿಯೇ ಜೀವ ಕಳೆದುಕೊಂಡಾಗ ಊರು ಏನೇನು ಮಾತಾಡಿತೋ! ಹೇಡಿ ಎಂದರು, ತಾಯಿಯ ಮುದ್ದು ಕೆಡಿಸಿತು ಎಂದರು. ಹೈದರಾಬಾದಿನ ಪ್ರಯೋಗಾಲಯದಲ್ಲಿದ್ದ ಮಗಳು ಕೇಳಿದಾಗ ತಾಯಿ ಚನ್ನವೀರಮ್ಮ ಮಿದುಳಿನ ಒಂದು ಭಾಗವನ್ನು ಸಂಶೋಧನೆಗೆ ಕೊಟ್ಟಳು. ಷರತ್ತು ಒಂದೇ: ಎರಡು ವರ್ಷಕ್ಕೆ, ಉಳಿದದ್ದು ಮಣ್ಣಿಗೆ ಬರಬೇಕು. ಚನ್ನವೀರಮ್ಮನ ತಮ್ಮ ಭೀಮಣ್ಣ ಮಾತ್ರ, "ಇಡೀ ಮನುಷ್ಯನ್ನ ಇಡಬೇಕಿತ್ತು, ಹರಿದು ಹಂಚಿದ್ರಿ" ಎಂದು ಮುಖ ಊದಿಸಿಕೊಂಡ.

ಮನಸ್ಸಿನ ಏರಿಳಿತದಲ್ಲಿ ಪಾಲುಳ್ಳ ಸೆರೊಟೋನಿನ್ ತಯಾರಿಸುವ ಕಿಣ್ವಕ್ಕೆ ಎರಡು ರೂಪ. ಒಂದು ಹೆಚ್ಚಾಗಿ ಕರುಳಿನದು, ಇನ್ನೊಂದು ಮಿದುಳಿನದು. ಎರಡಕ್ಕೂ ಒಡಹುಟ್ಟಿದವರ ಹೋಲಿಕೆ. ಮಿದುಳಿನ ರೂಪಕ್ಕೆ ಮಾತ್ರ ಅಂಟಿ ಕಂದು ಬಣ್ಣ ತೋರಿಸುವ ಪ್ರತಿಕಾಯವನ್ನು ಸಿದ್ಧಪಡಿಸುವುದು ಗಂಗಾಂಬಿಕಾಳ ಕೆಲಸ. ಒಡಹುಟ್ಟಿದವಳಾದ್ದರಿಂದ ಅಣ್ಣನ ಮಿದುಳಿನ ಚೂರುಗಳನ್ನು ಅವಳೇ ಪರೀಕ್ಷಿಸುವ ಹಾಗಿರಲಿಲ್ಲ. ಸಹೋದ್ಯೋಗಿ ರಜಿತಾ ಪರೀಕ್ಷಿಸಿದಳು. ಬೇರೆಯವರದಕ್ಕಿಂತ ಗಾಢವಾಗಿ ಬಣ್ಣ ಬಂತು. "ಏನು ಕಂಡಿತವ್ವಾ?" ಎಂದು ತಾಯಿ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಗಂಗಾಂಬಿಕಾ ತಡೆಯಲಾರದೆ ಹೇಳಿಬಿಟ್ಟಳು: "ಅಣ್ಣನ ಮಿದುಳಿನ್ಯಾಗ ಫರಕ್ ಇತ್ತವ್ವಾ. ಅದು ಬ್ಯಾನಿ. ಅವನ ತಪ್ಪಲ್ಲ."

ಮಗನಿಗೆ ಕಾಯಿಲೆಯಿತ್ತು ಎಂಬ ಆ ಮಾತನ್ನು ಚನ್ನವೀರಮ್ಮ ಮಠದಲ್ಲಿ, ಕಿರಾಣಿ ಅಂಗಡಿಯಲ್ಲಿ, ಕಂಡಕಂಡವರಲ್ಲಿ ಹೇಳಿದಳು. ಎರಡು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನಡೆದಳು.

ಕಳೆದ ವಾರ, ಕಿಣ್ವದ ಮಿದುಳಿನ ರೂಪವೇ ಇಲ್ಲದಂತೆ ಬೆಳೆಸಿದ ಇಲಿಯ ಕರುಳಿಗೆ ಅದೇ ಪ್ರತಿಕಾಯ ಹಾಕಿದರೆ, ಅಲ್ಲೂ ಕಂದು ಬಣ್ಣ! ಅದು ಎರಡೂ ರೂಪಗಳನ್ನು ಹಿಡಿಯುತ್ತಿತ್ತು; ಅಣ್ಣನ ಚೂರಿನಲ್ಲಿ ಕಂಡ ಬಣ್ಣ ಯಾವುದರದೆಂದು ಹೇಳುವಂತಿರಲಿಲ್ಲ. ಬರಬೇಕಾದ ಕಡೆ ಬಣ್ಣ ಬರುತ್ತದೆಯೇ ಎಂದು ಹತ್ತು ಸಲ ನೋಡಿದ ಜಾಣೆ, ಬರಬಾರದ ಕಡೆ ಬರುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಅವ್ವನಿಗೆ ಸಮಾಧಾನ ಹೇಳುವ ಅವಸರ ಅವಳ ಕಣ್ಣು ಕಟ್ಟಿತ್ತು. ಎರಡನ್ನೂ ಬೇರ್ಪಡಿಸುವ ಹೊಸ ಪ್ರತಿಕಾಯ ಈಗ ಕೈಗೆ ಬಂದಿತ್ತು, ಬರಬೇಕಾದ ಕಡೆ, ಬರಬಾರದ ಕಡೆ ಎರಡರಲ್ಲೂ ಪರೀಕ್ಷಿಸಿದ್ದು. ಆದರೆ ಅಣ್ಣನದು ಉಳಿದಿದ್ದದ್ದು ಇದೊಂದೇ ಚೂರು.

ಸಮಾಧಿಯ ಬಳಿ ಭೀಮಣ್ಣ ಮೊಳದುದ್ದದ ಗುಂಡಿ ತೋಡಿ ನಿಂತಿದ್ದ. ವಿಭೂತಿ, ಬಿಲ್ವಪತ್ರೆ ಸಿದ್ಧವಿದ್ದವು, ಬಂಧುಬಳಗ ಸೇರಿತ್ತು. ಗಂಗಾಂಬಿಕಾ ತಾಯಿಯನ್ನು ಬೇವಿನ ಮರದಡಿಗೆ ಕರೆದೊಯ್ದಳು. ಬಾಯಿ ಮುಚ್ಚಿಕೊಂಡು ಚೂರನ್ನು ಮಣ್ಣು ಮಾಡಿಬಿಟ್ಟಿದ್ದರೆ ಕೇಳುವವರೇ ಇರಲಿಲ್ಲ. ಆದರೂ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಹಂಗಾದ್ರ ಬ್ಯಾನಿ ಇರಲಿಲ್ಲೇನು?" ಎಂದಳು ಚನ್ನವೀರಮ್ಮ.

"ಅವ ಸಂಕಟಪಟ್ಟಿದ್ದು ಖರೇನ ಐತಿ, ಅದನ್ನ ತೋರ್ಸಾಕ ಬಣ್ಣ ಬೇಕಿಲ್ಲ. ಆದ್ರ ಮಿದುಳಿನ್ಯಾಗ ಏನಾಗಿತ್ತಂತ ಆ ಬಣ್ಣ ನೋಡಿ ಹೇಳಾಕ ಬರಂಗಿಲ್ಲವ್ವಾ. ನಾನು ತಪ್ಪು ಹೇಳಿದೆ."

"ಈ ಚೂರು ಕೊಟ್ರ ಗೊತ್ತಾಗ್ತೈತೇನು?"

"ಗೊತ್ತಾಗಬಹುದು. ಏನೂ ಕಾಣದೇನೂ ಇರಬಹುದು. ಇದು ಮಾತ್ರ ತೀರಿಹೋಗ್ತೈತಿ. ಮಣ್ಣಿಗಿ ಕೊಡಾಕ ಏನೂ ಉಳಿಯಂಗಿಲ್ಲ."

ಚನ್ನವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸಮಾಧಿಯತ್ತ ನಡೆದಳು. ಮಗಳು ಹಿಂದೆಯೇ ಹೋಗಿ ಚೂರಿದ್ದ ಡಬ್ಬಿಯನ್ನು ಮುಂದೆ ಚಾಚಿದಳು. ತಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೊತ್ತಿಕೊಂಡು, ಮತ್ತೆ ಮಗಳ ಚೀಲದೊಳಗೆ ಇಟ್ಟಳು.

"ಗುಂಡಿ ಮುಚ್ಚು ತಮ್ಮಾ."

"ಅಕ್ಕಾ, ಇಷ್ಟು ಮಂದಿ ಬಂದಾರ..." ಎಂದ ಭೀಮಣ್ಣ.

ಚನ್ನವೀರಮ್ಮ ಬಂದವರ ಕಡೆ ತಿರುಗಿದಳು. ಎಲ್ಲರಿಗೂ ಕೇಳಿಸುವಂತೆ ದನಿಯೆತ್ತಿದಳು.

"ಬ್ಯಾನಿ ಕಂಡಿತು ಅಂತ ಊರೆಲ್ಲಾ ಹೇಳಿದ್ದೆ. ಅದು ತಪ್ಪಂತರೀ. ನನ್ನ ಮಗ ಯಾಕ ಹೋದ ಅಂತ ನನಗ ಇನ್ನಾ ಗೊತ್ತಿಲ್ಲ. ನಿಮಗೂ ಯಾರಿಗೂ ಗೊತ್ತಿರಲಿಲ್ಲ."